ಮೆರವಣಿಗೆಯ ಸಂಗೀತಕ್ಕೆ ಮುಪ್ಪಿಲ್ಲ

ನೂರು ವರ್ಷಕ್ಕೂ ಹಿಂದೆ ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಕುಡಿಯೊಡೆದ ಜಾಝ್ ಇವತ್ತಿಗೂ ಹೊಸ ಕೇಳುಗರನ್ನು ಸಂಪಾದಿಸುತ್ತಿದೆ. ಅದರ ದೀರ್ಘಾಯುಷ್ಯದ ಗುಟ್ಟೇನು? ವಾಲಗ, ತಮಟೆ, ಬ್ಯಾಂಡ್‌ಸೆಟ್ ಕೇಳಿ ಬೆಳೆದ ಉತ್ತರ ಬೆಂಗಳೂರಿಗೂ ಅದಕ್ಕೂ ಎಲ್ಲಿಯ ನಂಟು?

1928ರ ಜೂನ್ 28ರಂದು ಶಿಕಾಗೊದ ಸ್ಟುಡಿಯೊ ಒಂದರಲ್ಲಿ ಇಪ್ಪತ್ತಾರರ ಹರೆಯದ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಬಳಗದೊಂದಿಗೆ 'ವೆಸ್ಟ್ ಎಂಡ್ ಬ್ಲೂಸ್' ನುಡಿಸಿದರು. ಮೂರು ನಿಮಿಷ ಚಿಲ್ಲರೆಯ ಪ್ಲೇಟು ಅದು. ಮೊದಲ ಹನ್ನೆರಡು ಸೆಕೆಂಡಿನಷ್ಟು ಹೊತ್ತು ಒಂಟಿ ತುತ್ತೂರಿ. ತಾಳವಿಲ್ಲ, ಪಕ್ಕವಾದ್ಯವಿಲ್ಲ. ನಾಲ್ಕು ಸ್ವರ ಬಿಡಿಬಿಡಿಯಾಗಿ, ಗಟ್ಟಿಯಾಗಿ ಕೇಳುತ್ತವೆ. ಅಲ್ಲಿಂದ ಸ್ವರಗಳ ಸಾಲು ತಾರಸ್ಥಾಯಿಗೆ ಏರಿ, ಸುತ್ತಿ ಸುಳಿದು ಕೆಳಗಿಳಿಯುತ್ತದೆ. ಆಮೇಲೆ ಬಳಗ ಕೂಡಿಕೊಂಡು ನಿಧಾನ ನಡಿಗೆಯ ಬ್ಲೂಸ್ ಶುರುವಾಗುತ್ತದೆ. ನಡುವೆ ಕ್ಲಾರಿನೆಟ್ ಒಂದು ಮಾತು ಆಡಿದರೆ, ಆರ್ಮ್‌ಸ್ಟ್ರಾಂಗ್ ತುತ್ತೂರಿ ಕೆಳಗಿಟ್ಟು, ಅರ್ಥದ ಹಂಗಿಲ್ಲದ ಅಕ್ಷರಗಳಲ್ಲಿ ಗಂಟಲಿನಿಂದಲೇ ಉತ್ತರ ಕೊಡುತ್ತಾರೆ. ಅರ್ಲ್ ಹೈನ್ಸ್ ಅವರ ಪಿಯಾನೊ ಮುಗಿದ ಮೇಲೆ ತುತ್ತೂರಿ ಮರಳಿ ಬಂದು, ಮೇಲಿನ ಒಂದೇ ಸ್ವರವನ್ನು ಹತ್ತಿರಹತ್ತಿರ ನಾಲ್ಕು ಆವರ್ತದಷ್ಟು ಹಿಡಿದು ನಿಲ್ಲುತ್ತದೆ.

ಕರ್ನಾಟಕ ಸಂಗೀತದ ಕಛೇರಿಗಳನ್ನು ಕೇಳಿದವರಿಗೆ ಈ ಕಟ್ಟು ಅಪರಿಚಿತ ಅನ್ನಿಸುವುದಿಲ್ಲ. ತಾಳವಿಲ್ಲದ ಆಲಾಪನೆ, ಅಲ್ಲಿಂದ ತಾಳಕ್ಕೆ ಇಳಿಯುವುದು, ಸವಾಲು ಜವಾಬು, ತಾರಸ್ಥಾಯಿಯ ಒಂದೇ ಸ್ವರದ ಮೇಲೆ ದೀರ್ಘ ನಿಲುಗಡೆ, ಎಲ್ಲವೂ ಇಲ್ಲಿವೆ. ಈ ಪ್ಲೇಟಿಗೆ ನೂರು ತುಂಬಲು ಇನ್ನು ಹೆಚ್ಚು ದಿನವಿಲ್ಲ. ಅಂದಿನ ಎಷ್ಟೋ ಜನಪ್ರಿಯ ಹಾಡುಗಳು ಹೆಸರಿಲ್ಲದೆ ಹೋಗಿವೆ. ಆದರೆ 1900ರಿಂದ 1930ರ ನಡುವೆ ರೂಪುಗೊಂಡ ಆದಿ ಜಾಝ್‌ಗೆ ಇಪ್ಪತ್ತರ ಹುಡುಗ ಹುಡುಗಿಯರು ಈಗಲೂ ಕಿವಿಗೊಡುತ್ತಾರೆ, ಅದಕ್ಕೆಂದೇ ಹುಟ್ಟಿದ ಕುಣಿತಗಳನ್ನು ಕಲಿಯುತ್ತಾರೆ.

ಹಳೆಯದರ ಮೋಹ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನನಗೆ ಕಾಣುವ ಕಾರಣ ಬೇರೆ. ಆದಿ ಜಾಝ್ ಹುಟ್ಟಿದ್ದು ನಡೆಯುವವರಿಗಾಗಿ, ಕುಣಿಯುವವರಿಗಾಗಿ, ಹೆಣ ಹೊರುವವರಿಗಾಗಿ. ಜನರ ಬದುಕಿನಲ್ಲಿ ಅದಕ್ಕೊಂದು ಕೆಲಸವಿತ್ತು. ಆ ಕೆಲಸಕ್ಕೆ ಅದನ್ನು ಮತ್ತೆ ಹಚ್ಚಿದಾಗಲೆಲ್ಲ ಅದು ಎದ್ದು ಕೂತಿದೆ.

ಹೆಣದ ಹಿಂದೆ, ಹಬ್ಬದ ಮುಂದೆ

ನ್ಯೂ ಆರ್ಲಿಯನ್ಸ್ ಅಮೆರಿಕದ ದಕ್ಷಿಣದ ಬಂದರು ನಗರ. ಫ್ರೆಂಚರು ಕಟ್ಟಿದ್ದು, ಸ್ಪೇನಿನವರು ಆಳಿದ್ದು, 1803ರಲ್ಲಿ ಅಮೆರಿಕ ಕೊಂಡುಕೊಂಡದ್ದು. ಅಲ್ಲಿನ ಕಾಂಗೊ ಚೌಕದಲ್ಲಿ ಭಾನುವಾರಗಳಂದು ಆಫ್ರಿಕ ಮೂಲದ ಗುಲಾಮರು ಸೇರಿ, ಡೋಲು ಬಾರಿಸಿ ಕುಣಿಯುತ್ತಿದ್ದರು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಕೊನೆಗೊಂಡ ಮೇಲೆ ಊರೂರಿಗೂ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳು ಬೆಳೆದವು. ಕಪ್ಪು ಜನ ಕಟ್ಟಿಕೊಂಡ ಪರಸ್ಪರ ಸಹಾಯದ ಸಂಘಗಳಿದ್ದವು. ಚಂದಾ ಕಟ್ಟಿದ ಸದಸ್ಯ ತೀರಿಕೊಂಡರೆ ಗೌರವದ ಮಣ್ಣು ಮಾಡುವುದು ಸಂಘದ ಹೊಣೆ. ಗೌರವದ ಮಣ್ಣು ಎಂದರೆ ಬ್ಯಾಂಡ್ ಇರಲೇಬೇಕು.

ಸ್ಮಶಾನದವರೆಗೆ ಬ್ಯಾಂಡಿನವರು ಪ್ರಾರ್ಥನಾ ಗೀತೆಗಳನ್ನು ಬಹಳ ನಿಧಾನವಾಗಿ ಊದುತ್ತಿದ್ದರು. ದೇಹವನ್ನು ಮಣ್ಣಿಗೆ ಒಪ್ಪಿಸಿ ಹೊರಬಂದ ಮೇಲೆ ಡೋಲಿನವನು ಏಟು ಬದಲಿಸುತ್ತಿದ್ದ. ಅದೇ ಬಳಗ ದ್ರುತ ಕಾಲದಲ್ಲಿ, ಕಾಲು ನಿಲ್ಲದ ಹಾಗೆ ನುಡಿಸುತ್ತಾ ಊರಿಗೆ ಮರಳುತ್ತಿತ್ತು. ಮುಂದೆ ಬ್ಯಾಂಡು, ಅದರ ಹಿಂದೆ ಕೊಡೆ ಕರವಸ್ತ್ರ ಬೀಸುತ್ತಾ ಕುಣಿಯುವ ಜನ. ಈ ಪದ್ಧತಿ ಅಲ್ಲಿ ಇಂದಿಗೂ ಇದೆ.

ಈ ಕುಣಿತ ಉತ್ತರ ಬೆಂಗಳೂರಿಗೂ ಹೊಸದಲ್ಲ. ಹೆಬ್ಬಾಳ, ಯಶವಂತಪುರ, ಯಲಹಂಕಗಳು ನಗರದ ಬಡಾವಣೆಗಳಾಗುವ ಮೊದಲು ಊರುಗಳಾಗಿದ್ದವು. ಆ ಊರುಗಳ ಹಳೆಯ ಕೇರಿಗಳಲ್ಲಿ ಇವತ್ತಿಗೂ ತುಂಬು ಬಾಳು ಬಾಳಿದ ಹಿರಿಯರ ಅಂತಿಮಯಾತ್ರೆ ತಮಟೆಯಿಲ್ಲದೆ ಹೊರಡುವುದಿಲ್ಲ. ಹೂ ಎರಚುತ್ತಾ, ತಮಟೆಯ ಏಟಿಗೆ ಮೊಮ್ಮಕ್ಕಳು ಹೆಜ್ಜೆ ಹಾಕುತ್ತಾರೆ. ಸಾವಿನ ಎದುರಿಗೆ ಕುಣಿಯುವುದರಲ್ಲಿ ಅಗೌರವವಿಲ್ಲ ಎಂದು ಬಲ್ಲ ಜನ ನಾವು. ನ್ಯೂ ಆರ್ಲಿಯನ್ಸ್‌ನ ಜನರೂ ಹಾಗೆಯೇ. ಜಾಝ್‌ನ ಒಳಗೆ ದುಃಖವೂ ಕುಣಿತವೂ ಒಟ್ಟಿಗೇ ಇರುವುದು ಈ ಮೆರವಣಿಗೆಯ ದಾರಿಯಿಂದಲೇ ಬಂದ ಗುಣ.

ಆ ಬೀದಿಗಳಲ್ಲಿ 1900ರ ಸುಮಾರಿಗೆ ಎಲ್ಲರಿಗಿಂತ ಜೋರಾಗಿ ಕಾರ್ನೆಟ್ ಊದಿ ಹೆಸರಾದವರು ಬಡ್ಡಿ ಬೋಲ್ಡನ್. ಅವರ ಒಂದೇ ಒಂದು ಧ್ವನಿಮುದ್ರಣ ಉಳಿದಿಲ್ಲ. 1907ರಲ್ಲಿ ಮನೋರೋಗಿಗಳ ಆಸ್ಪತ್ರೆ ಸೇರಿದವರು 1931ರಲ್ಲಿ ಅಲ್ಲೇ ತೀರಿಕೊಂಡರು. ಅವರ ನುಡಿಕೆ ಕೇಳಿದವರು ಅದನ್ನು ಕಿವಿಯಿಂದ ಕಿವಿಗೆ ದಾಟಿಸಿದರು. ಬ್ಯಾಂಡುಗಳು ನೃತ್ಯಗೋಷ್ಠಿಯ ಪ್ರಚಾರಕ್ಕೆ ಕುದುರೆಗಾಡಿ ಏರಿ ಊರು ಸುತ್ತುತ್ತಿದ್ದವು. ಟ್ರಾಂಬೋನಿನ ಉದ್ದನೆಯ ಜಾರುಕೊಳವೆ ಮುಂದೆ ಕೂತವರ ಬೆನ್ನಿಗೆ ತಾಗಬಾರದೆಂದು ಅದನ್ನು ಊದುವವರು ಗಾಡಿಯ ಹಿಂದಿನ ಅಂಚಿನಲ್ಲಿ ಕೂರುತ್ತಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುವ ಆ ಟ್ರಾಂಬೋನ್ ಶೈಲಿಗೆ ಇವತ್ತಿಗೂ ಗಾಡಿಯ ಹಿಂಬಾಗಿಲಿನ ಹೆಸರೇ ಇದೆ, 'ಟೈಲ್‌ಗೇಟ್' ಎಂದು.

ತಕಿಟದ ತೂಕ, ಗಾಂಧಾರದ ಓಲಾಟ

ಆದಿ ಜಾಝ್ ಕೇಳಿದೊಡನೆ ಕಾಲು ತಾನಾಗಿ ಏಕೆ ಅಲುಗುತ್ತದೆ? ಉತ್ತರ ಲಯದಲ್ಲಿದೆ. ಒಂದು ಎಣಿಕೆಯನ್ನು ಎರಡು ಸಮಪಾಲು ಮಾಡಿದರೆ ನಡಿಗೆ ಸೈನಿಕರದ್ದಾಗುತ್ತದೆ. ನ್ಯೂ ಆರ್ಲಿಯನ್ಸ್‌ನವರು ಎರಡು ಪಾಲನ್ನು ಸಮವಾಗಿ ಇಡಲಿಲ್ಲ. ಮೊದಲನೆಯದನ್ನು ಎಳೆದು, ಎರಡನೆಯದನ್ನು ಚುಟುಕಾಗಿಸಿದರು. ತಿಶ್ರ ನಡೆಯಲ್ಲಿ 'ತಕಿಟ' ಹೇಳುವಾಗ ಮೊದಲ ಎರಡು ಅಕ್ಷರ ಬೆಸೆದು 'ತಾ ಟ, ತಾ ಟ' ಎಂದು ನೋಡಿ. ಆ ಜೀಕು ಅಲ್ಲೇ ಸಿಗುತ್ತದೆ. ಅದನ್ನು 'ಸ್ವಿಂಗ್' ಎನ್ನುತ್ತಾರೆ. ನುಡಿಸುವವರು ಇದನ್ನು ಲೆಕ್ಕ ಹಾಕಿ ಇಡುವುದಿಲ್ಲ. ವೇಗ ಹೆಚ್ಚಿದಂತೆ ಪಾಲುಗಳು ಹತ್ತಿರವಾಗುತ್ತವೆ, ಇಳಿದಂತೆ ದೂರವಾಗುತ್ತವೆ.

ಎರಡನೆಯದು ಸ್ವರದ ಓಲಾಟ. ಪಿಯಾನೊದಲ್ಲಿ ಕೋಮಲ ತೀವ್ರ ಸ್ವರಗಳಿಗೆ ಬೇರೆ ಬೇರೆ ಮನೆಗಳಿವೆ, ನಡುವೆ ಏನೂ ಇಲ್ಲ. ಬ್ಲೂಸ್ ಹಾಡುವವರ ಗಾಂಧಾರ ಮಾತ್ರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಓಲಾಡುತ್ತದೆ, ನಿಷಾದವೂ ಅಷ್ಟೆ. ಗಮಕದಲ್ಲಿ ಪಳಗಿದ ಕಿವಿಗೆ ಅದು ತಪ್ಪು ಸ್ವರವಾಗಿ ಕೇಳುವುದಿಲ್ಲ, ಅದರ ಅಳಲು ನೇರವಾಗಿ ತಟ್ಟುತ್ತದೆ. ಬ್ಲೂಸ್‌ನ ಚೌಕಟ್ಟು ಕೂಡ ಸರಳ. ನಾಲ್ಕು ಎಣಿಕೆಯ ಹನ್ನೆರಡು ಆವರ್ತ, ಒಟ್ಟು ನಲವತ್ತೆಂಟು ಎಣಿಕೆ. ಅದು ಮುಗಿದರೆ ಮತ್ತೆ ಮೊದಲಿನಿಂದ. ಆ ಚೌಕಟ್ಟಿನೊಳಗೆ ಮನೋಧರ್ಮಕ್ಕೆ ಪೂರ್ತಿ ಸ್ವಾತಂತ್ರ್ಯ.

ಮೂರನೆಯದು, ಆದಿ ಜಾಝ್‌ಗೆ ವಿಶಿಷ್ಟವಾದದ್ದು, ಎಲ್ಲರೂ ಒಟ್ಟಿಗೆ ಮನೋಧರ್ಮ ನುಡಿಸುವುದು. ಕಾರ್ನೆಟ್ ಮೂಲ ಧಾಟಿಯನ್ನು ಹಿಡಿದು ನಡೆಯುತ್ತದೆ. ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ. ಟ್ರಾಂಬೋನ್ ಕೆಳಗಿನಿಂದ ಆತುಕೊಳ್ಳುತ್ತದೆ. ಬ್ಯಾಂಜೊ, ಟ್ಯೂಬಾ, ಡ್ರಮ್ಮು ನೆಲ ಕಾಯುತ್ತವೆ. ಮೂರು ಊದುವಾದ್ಯಗಳು ಏಕಕಾಲಕ್ಕೆ ಮೂರು ಬೇರೆ ಮಾತು ಆಡಿದರೂ ಜಗಳವಾಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಉಳಿದಿಬ್ಬರನ್ನು ಕೇಳಿಸಿಕೊಂಡೇ ನುಡಿಸುತ್ತಿರುತ್ತಾರೆ. ಇವತ್ತಿನ ಯುವಕರನ್ನು ಇದರ ಕಡೆಗೆ ಎಳೆಯುವುದು ಮುಖ್ಯವಾಗಿ ಈ ಗುಣವೇ ಎಂದು ನನಗೆ ಅನ್ನಿಸುತ್ತದೆ. ಒಂದೊಂದು ಸ್ವರವನ್ನೂ ಕಂಪ್ಯೂಟರಿನಲ್ಲಿ ತಿದ್ದಿ ಜೋಡಿಸಿದ ಹಾಡುಗಳ ನಡುವೆ, ಮನುಷ್ಯರು ಒಂದೇ ಕೋಣೆಯಲ್ಲಿ ಪರಸ್ಪರ ಆಲಿಸಿದ ಸದ್ದು ಇಲ್ಲಿ ಸಿಗುತ್ತದೆ.

ಮೂರು ನಿಮಿಷದ ಪ್ಲೇಟು

ಜಾಝ್‌ನ ಮೊದಲ ಪ್ಲೇಟು ಮುದ್ರಣವಾದದ್ದು 1917ರ ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ. ನುಡಿಸಿದ್ದು ಬಿಳಿಯರ ಬಳಗ, 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್'. ಈ ಸಂಗೀತವನ್ನು ಬೆಳೆಸಿದ ಕಪ್ಪು ಕಲಾವಿದರಲ್ಲಿ ಹೆಚ್ಚಿನವರಿಗೆ ಮುದ್ರಣದ ಅವಕಾಶ ಸಿಗಲು ಇನ್ನೂ ಕೆಲವು ವರ್ಷ ಬೇಕಾದವು. 1923ರ ಏಪ್ರಿಲ್‌ನಲ್ಲಿ ಕಾರ್ನೆಟ್ ವಾದಕ ಕಿಂಗ್ ಆಲಿವರ್ ಅವರ ಬಳಗ ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಪುಟ್ಟ ಊರಿನ ಜೆನೆಟ್ ಸ್ಟುಡಿಯೊಕ್ಕೆ ಹೋಯಿತು. ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ಕೆಲಸ ನಿಲ್ಲಬೇಕು. ಮೈಕ್ ಇನ್ನೂ ಬಂದಿರಲಿಲ್ಲ. ದೊಡ್ಡ ಕೊಂಬಿನಂಥ ಕೊಳವೆಗೆ ಮುಖಮಾಡಿ ಊದಿದರೆ ಆ ಅಲೆಗಳೇ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿದ್ದವು. ಡ್ರಮ್ಮಿನ ಜೋರು ಏಟಿಗೆ ಸೂಜಿ ಎಗರುತ್ತಿತ್ತು, ಹಾಗಾಗಿ ಡ್ರಮ್ ವಾದಕ ಬೇಬಿ ಡಾಡ್ಸ್ ಮರದ ತುಂಡುಗಳನ್ನಷ್ಟೇ ಬಾರಿಸಬೇಕಾಯಿತು. ಬಳಗದ ಎರಡನೇ ಕಾರ್ನೆಟ್ ಆಗಿದ್ದ ಎಳೆಯ ಆರ್ಮ್‌ಸ್ಟ್ರಾಂಗ್‌ರ ಸದ್ದು ಗುರು ಆಲಿವರ್ ಅವರದನ್ನು ಮುಚ್ಚಿಬಿಡುತ್ತಿದ್ದುದರಿಂದ ಅವರನ್ನು ಕೊಳವೆಯಿಂದ ದೂರ, ಮೂಲೆಯಲ್ಲಿ ನಿಲ್ಲಿಸಿದ್ದರೆಂದು ಪಿಯಾನೊ ನುಡಿಸಿದ ಲಿಲ್ ಹಾರ್ಡಿನ್ ನೆನೆದಿದ್ದಾರೆ.

ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಇಡೀ ರಾತ್ರಿ ಕುಣಿಸುತ್ತಿದ್ದ ಸಂಗೀತವನ್ನು ಅಷ್ಟರಲ್ಲಿ ಅಡಕಗೊಳಿಸಬೇಕಿತ್ತು. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಎದುರಿಸಿದ್ದೂ ಇದೇ ಇಕ್ಕಟ್ಟನ್ನು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಅವರು ಮೂರು ನಿಮಿಷದ ಹರಳಾಗಿಸಿದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು. ಪ್ಲೇಟಿನ ಇಕ್ಕಟ್ಟು ಎರಡೂ ಕಡೆ ಕಲೆಗೆ ಒಳ್ಳೆಯದನ್ನೇ ಮಾಡಿತು. ಒಂದು ಸ್ವರವೂ ವ್ಯರ್ಥವಾಗದ ಬಿಗಿ ಬಂತು. ಐದು ನಿಮಿಷದ ವೀಡಿಯೊ ಕೂಡ ಉದ್ದವೆನ್ನಿಸುವ ಈ ಕಾಲದ ಕೇಳುಗರಿಗೆ ಆ ಬಿಗಿ ಸರಿಯಾಗಿ ಹೊಂದುತ್ತದೆ.

ಕಾನೂನು ಕೂಡ ಜೊತೆಗಿದೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ನಂತರ 60 ವರ್ಷ. ಅಮೆರಿಕದಲ್ಲಿ 1923ರ ಮುದ್ರಣಗಳು 2024ರ ಜನವರಿ 1ರಂದು ಹಕ್ಕುಗಳಿಂದ ಬಿಡುಗಡೆಯಾದವು. ಅಂದಿನಿಂದ ವರ್ಷವರ್ಷವೂ ಇನ್ನೊಂದು ವರ್ಷದ ಪ್ಲೇಟುಗಳು ಸಾರ್ವಜನಿಕ ಸ್ವತ್ತಾಗುತ್ತಿವೆ. ಸಾವಿರಾರು ಹಳೆಯ ಪ್ಲೇಟುಗಳನ್ನು 'ಇಂಟರ್ನೆಟ್ ಆರ್ಕೈವ್' ಡಿಜಿಟಲ್ ರೂಪಕ್ಕೆ ತಂದಿದೆ. ಹೊಸದಾಗಿ ಕೇಳುವವರು ಕಿಂಗ್ ಆಲಿವರ್‌ರ 'ಡಿಪ್ಪರ್‌ಮೌತ್ ಬ್ಲೂಸ್'ನಿಂದ (1923) ಶುರುಮಾಡಬಹುದು. ಅಲ್ಲಿಂದ ಆರ್ಮ್‌ಸ್ಟ್ರಾಂಗ್‌ರ ಕಾರ್ನೆಟ್ ಜೊತೆಗಿರುವ ಬೆಸಿ ಸ್ಮಿತ್‌ರ 'ಸೇಂಟ್ ಲೂಯಿಸ್ ಬ್ಲೂಸ್' (1925), ಜೆಲ್ಲಿ ರೋಲ್ ಮಾರ್ಟನ್‌ರ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' (1926), ಆರ್ಮ್‌ಸ್ಟ್ರಾಂಗ್‌ರ 'ಪೊಟಾಟೊ ಹೆಡ್ ಬ್ಲೂಸ್' (1927). ಒಟ್ಟು ಕಾಲು ಗಂಟೆ ಸಾಕು.

ಒಂದೇ ಬೇರು, ಎರಡು ಕವಲು

ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಯಾಕ್ಸೊಫೋನಿಗೆ ಪೇಟೆಂಟ್ ಪಡೆದರು. ಸೇನೆಯ ಬ್ಯಾಂಡಿಗೆ ಒಗ್ಗುವ ವಾದ್ಯವೊಂದು ಬೇಕು ಎಂಬುದು ಅವರ ಕಣ್ಣ ಮುಂದಿತ್ತು. ಬ್ಯಾಂಡಿನ ಈ ದಾರಿಯಲ್ಲಿ ಒಂದು ಕವಲು ಅಮೆರಿಕಕ್ಕೆ ಹೋಗಿ, ಸ್ಯಾಕ್ಸೊಫೋನ್ ವಾದಕ ಸಿಡ್ನಿ ಬೆಶೆ ಅವರಂಥವರ ಕೈಯಲ್ಲಿ ಜಾಝ್ ಆಯಿತು. ಇನ್ನೊಂದು ಮೈಸೂರು ಅರಮನೆಯ ಬ್ಯಾಂಡಿಗೆ ಬಂತು.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥ್, ನಾಗಸ್ವರ ವಿದ್ವಾಂಸರ ಮಗ. ಹುಡುಗನಾಗಿದ್ದಾಗ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಗಮಕಕ್ಕೆ ಒಗ್ಗುವಂತೆ ವಾದ್ಯವನ್ನು ಅಲ್ಪಸ್ವಲ್ಪ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಅದರಲ್ಲಿ ಕೃತಿ, ರಾಗ, ತಾನಗಳನ್ನು ನುಡಿಸಿ ಕದ್ರಿ ಗೋಪಾಲನಾಥ್ ಎಂದು ಲೋಕಕ್ಕೆ ಪರಿಚಿತರಾದರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹಂಚಿಕೊಂಡರು. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 2008ರಲ್ಲಿ 'ಕಿನ್ಸ್‌ಮೆನ್' ಆಲ್ಬಂ ಬಂತು. ಅದರಲ್ಲಿ ಎರಡು ಕವಲುಗಳೂ ಎದುರುಬದುರು ಕೂತು ಮಾತಾಡಿವೆ. 2019ರ ಅಕ್ಟೋಬರ್‌ನಲ್ಲಿ ಕದ್ರಿಯವರು ತೀರಿಕೊಂಡರು. ಆ ಹೊತ್ತಿಗೆ ಕರಾವಳಿಯ ದೇವಸ್ಥಾನದ ಉತ್ಸವಕ್ಕೂ, ದೈವದ ಕೋಲಕ್ಕೂ, ಬೆಂಗಳೂರಿನ ಛತ್ರಗಳ ಧಾರೆ ಮುಹೂರ್ತಕ್ಕೂ ಸ್ಯಾಕ್ಸೊಫೋನ್ ಸ್ವಂತದ ವಾದ್ಯವಾಗಿಬಿಟ್ಟಿತ್ತು.

ನೇರವಾದ ಜಾಝ್ ಕೂಡ ಭಾರತಕ್ಕೆ ಬೇಗನೆ ಬಂತು. 1935ರಲ್ಲಿ ಲಿಯಾನ್ ಆಬಿ ತಮ್ಮ ಕಪ್ಪು ಕಲಾವಿದರ ಬಳಗದೊಂದಿಗೆ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ನುಡಿಸಿದರು. ಶಿಕಾಗೊದಲ್ಲಿ ಆರ್ಮ್‌ಸ್ಟ್ರಾಂಗ್ ಇದ್ದ ವಾದ್ಯವೃಂದದಲ್ಲೇ ಪಿಯಾನೊ ನುಡಿಸಿದ್ದ ಟೆಡ್ಡಿ ವೆದರ್‌ಫರ್ಡ್ ಕಲ್ಕತ್ತದಲ್ಲಿ ನೆಲೆಸಿ, 1945ರಲ್ಲಿ ಕಾಲರಾದಿಂದ ಅಲ್ಲೇ ಸತ್ತರು. ಇವರಿಂದ ಕಲಿತ ಗೋವಾದ ವಾದಕರು ಹಿಂದಿ ಚಿತ್ರಸಂಗೀತದ ವಾದ್ಯಮೇಳಗಳನ್ನು ತುಂಬಿದರು. ಬೆಂಗಳೂರಿನಲ್ಲಿ ಈ ಸದ್ದು ದಂಡು ಪ್ರದೇಶದ ನೃತ್ಯಸಂಜೆಗಳಲ್ಲಿತ್ತು. ಉಳಿದ ಕನ್ನಡಿಗರಿಗೆ ಅದರ ಎಳೆ ಮುಟ್ಟಿದ್ದು ಸಿನಿಮಾದಿಂದ. 1968ರ 'ಜೇಡರ ಬಲೆ'ಯಂಥ ಚಿತ್ರಗಳಿಗೆ ಜಿ.ಕೆ. ವೆಂಕಟೇಶ್ ಕೊಟ್ಟ ಸಂಗೀತ ಕೇಳಿದ ಕಿವಿಗಳಿಗೆ ಪಾಶ್ಚಾತ್ಯ ವಾದ್ಯಮೇಳ ಹೊರಗಿನದಾಗಿ ಉಳಿಯಲಿಲ್ಲ. ಬೆಂಗಳೂರೂ ಜಾಝ್‌ಗೆ ಕೊಟ್ಟದ್ದಿದೆ. ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಬಳಗ ಅಮೆರಿಕದ ಜಾಝ್ ಕಲಾವಿದ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ತಂದ 'ಜ್ಯೋತಿ' ಆಲ್ಬಂನಲ್ಲಿ ಮೃದಂಗ, ಘಟಗಳ ನಡೆಗೆ ಜಾಝ್ ಹೆಜ್ಜೆ ಹೊಂದಿಸಿಕೊಂಡಿತು.

ಮತ್ತೆ ಮತ್ತೆ ಚಿಗುರಿದ ಬಗೆ

1930ರ ದಶಕದಲ್ಲಿ ದೊಡ್ಡ ವಾದ್ಯವೃಂದಗಳು ಬಂದವು. ಎಲ್ಲರೂ ಒಟ್ಟಿಗೆ ಮನೋಧರ್ಮ ನುಡಿಸುವ ಹಳೆಯ ಪದ್ಧತಿ ಹಿಂದೆ ಸರಿಯಿತು. ಆ ಶತಮಾನದ ಆದಿಯಲ್ಲಿ ಊದುತ್ತಿದ್ದ ಬಂಕ್ ಜಾನ್ಸನ್ ತುತ್ತೂರಿಯೂ ಇಲ್ಲದೆ, ಹಲ್ಲೂ ಇಲ್ಲದೆ ಲೂಸಿಯಾನಾದ ಸಣ್ಣ ಊರೊಂದರಲ್ಲಿದ್ದರು. ಜಾಝ್ ಇತಿಹಾಸ ಬರೆಯುತ್ತಿದ್ದವರು ಅವರನ್ನು ಹುಡುಕಿಕೊಂಡು ಹೋದರು. ಅಭಿಮಾನಿಗಳು ವಾದ್ಯ ಕೊಡಿಸಿದರು. ಸಿಡ್ನಿ ಬೆಶೆ ಅವರ ಅಣ್ಣ, ದಂತವೈದ್ಯ ಲಿಯೊನಾರ್ಡ್ ಬೆಶೆ, ಹಲ್ಲು ಕಟ್ಟಿಕೊಟ್ಟರು. 1942ರಲ್ಲಿ ಬಂಕ್ ಮೊದಲ ಬಾರಿಗೆ ಪ್ಲೇಟಿಗೆ ನುಡಿಸಿದರು. 1961ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 'ಪ್ರಿಸರ್ವೇಶನ್ ಹಾಲ್' ತೆರೆಯಿತು. ಪುಟ್ಟ ಕೋಣೆ, ಕೂರಲು ಬೆಂಚು, ಮೈಕಿಲ್ಲ. ಮೂಲೆಗುಂಪಾಗಿದ್ದ ಹಿರಿಯ ವಾದಕರಿಗೆ ಮತ್ತೆ ಸಂಜೆಯ ಕೆಲಸ ಸಿಕ್ಕಿತು.

ಆದರೂ ಈ ಎರಡು ಯತ್ನಗಳು ಹಳಬರನ್ನು ಉಳಿಸಿದವು, ಹೊಸಬರನ್ನು ಬೆಳೆಸುವ ಕೆಲಸ ಬಾಕಿಯಿತ್ತು. ಅದನ್ನು ಮಾಡಿದವರು ಬ್ಯಾಂಜೊ ವಾದಕ ಡ್ಯಾನಿ ಬಾರ್ಕರ್. ನ್ಯೂಯಾರ್ಕಿನಲ್ಲಿ ದುಡಿದು ಊರಿಗೆ ಮರಳಿದ ಅವರು 1970ರ ಸುಮಾರಿಗೆ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳನ್ನು ಸೇರಿಸಿ ಒಂದು ಮೆರವಣಿಗೆ ಬ್ಯಾಂಡು ಕಟ್ಟಿದರು. ಮುಂದೆ ವಿಶ್ವಖ್ಯಾತರಾದ ವಿಂಟನ್ ಮಾರ್ಸಾಲಿಸ್ ಕೂಡ ಆ ಬ್ಯಾಂಡಿನ ಹುಡುಗ. 1977ರಲ್ಲಿ ಹುಟ್ಟಿದ 'ಡರ್ಟಿ ಡಜನ್ ಬ್ರಾಸ್ ಬ್ಯಾಂಡ್', 1983ರಲ್ಲಿ ಬಂದ 'ರೀಬರ್ತ್ ಬ್ರಾಸ್ ಬ್ಯಾಂಡ್' ಇದೇ ಅಲೆಯ ಮೇಲೆ ಬಂದವು. ಅವರು ಹಳೆಯ ಪ್ಲೇಟುಗಳ ನಕಲು ಮಾಡಲಿಲ್ಲ. ತಮ್ಮ ಕಾಲದ ಹಾಡುಗಳನ್ನು ಹಳೆಯ ಕ್ರಮದಲ್ಲಿ, ಹಳೆಯ ಬೀದಿಗಳಲ್ಲಿ ನುಡಿಸಿದರು. 2005ರಲ್ಲಿ ಕತ್ರಿನಾ ಚಂಡಮಾರುತ ಆ ಊರನ್ನು ಮುಳುಗಿಸಿತು. ನೀರು ಇಳಿದ ಮೇಲೆ ಜನ ಊರಿಗೆ ಮರಳಿದ್ದನ್ನು ಸಾರಿದ್ದು ಕೂಡ ಬೀದಿಗಿಳಿದ ಬ್ಯಾಂಡುಗಳೇ.

ಆರ್.ಟಿ. ನಗರದ ಮಕ್ಕಳು, ಬ್ಯಾಂಡ್‌ಸೆಟ್‌ನ ಹಿರಿಯರು

ಉತ್ತರ ಬೆಂಗಳೂರಿನಲ್ಲಿ ಇಂಥ ಮರುಚಿಗುರಿಗೆ ಬೇಕಾದುದೆಲ್ಲ ಇದೆ, ಆದರೆ ಬಿಡಿಬಿಡಿಯಾಗಿದೆ. ಅರುಣಾ ಸುಂದರ್‌ಲಾಲ್ 1987ರಲ್ಲಿ ಸ್ಥಾಪಿಸಿದ 'ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್' ಆರ್.ಟಿ. ನಗರದಲ್ಲಿದೆ. ಪಾಶ್ಚಾತ್ಯ ಸಂಗೀತವನ್ನು ಶಿಸ್ತಿನಿಂದ ಕಲಿತ ಮಕ್ಕಳ ತಲೆಮಾರುಗಳೇ ಅಲ್ಲಿಂದ ಹೊರಬಂದಿವೆ. ಯಲಹಂಕದಾಚೆಯ ಎಂಬೆಸಿ ರೈಡಿಂಗ್ ಸ್ಕೂಲ್ ಆವರಣದಲ್ಲಿ 2016ರಲ್ಲಿ ಶುರುವಾದ 'ಎಕೋಸ್ ಆಫ್ ಅರ್ಥ್' ಉತ್ಸವಕ್ಕೆ ಯುವಕರು ಟಿಕೆಟ್ ಕೊಂಡು ಬರುತ್ತಾರೆ. ಕಲಿಯುವವರೂ ಇದ್ದಾರೆ, ಕೇಳುವವರೂ ಇದ್ದಾರೆ. ಇನ್ನೊಂದು ಕಡೆ ಬ್ಯಾಂಡ್‌ಸೆಟ್‌ನ ಹಿರಿಯರಿದ್ದಾರೆ. ಕ್ಲಾರಿನೆಟ್, ತುತ್ತೂರಿ, ಯುಫೋನಿಯಂ, ಸೈಡ್ ಡ್ರಮ್ಮು ಹಿಡಿದು, ಮುಹೂರ್ತದ ದಿನಗಳಲ್ಲಿ ನಡೆಯುತ್ತಲೇ ನುಡಿಸುವವರು. ಯಾವ ಹಾಡು ಕೇಳಿದರೂ ಕಿವಿಯಿಂದಲೇ ಎತ್ತಿಕೊಳ್ಳುವವರು. ಬೋಲ್ಡನ್ ಕಾಲದ ನ್ಯೂ ಆರ್ಲಿಯನ್ಸ್‌ನಲ್ಲಿ ನೆಲೆಯೂರಿದ್ದ ವಿದ್ಯೆ ಇದೇ. ಆ ವಿದ್ಯೆಗೆ ನಾವು ಕೊಡುವ ಬೆಲೆ ಕಡಿಮೆ. ಡಿಜೆ ಪೆಟ್ಟಿಗೆಗಳು ಅವರ ಕೂಲಿಯನ್ನು ಕಿತ್ತುಕೊಳ್ಳುತ್ತಿವೆ, ಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಾರೆ.

ಜಾಝ್ ಬಗ್ಗೆ ಪ್ರೀತಿ ಇರುವವರು ಕ್ಲಬ್ಬುಗಳಲ್ಲಿ ಕೂತು ಕೇಳುವುದರ ಜೊತೆಗೆ ಈ ಎರಡು ಗುಂಪುಗಳ ನಡುವೆ ಸೇತುವೆ ಕಟ್ಟಬೇಕು. ಸಂಗೀತ ಶಾಲೆಯ ಮಕ್ಕಳಿಗೆ ಕಾಗದ ನೋಡದೆ ನುಡಿಸುವುದನ್ನು, ನಡೆಯುತ್ತಾ ಊದುವುದನ್ನು ಬ್ಯಾಂಡ್‌ಸೆಟ್‌ನ ಹಿರಿಯರು ಕಲಿಸಬಲ್ಲರು. ಹಿರಿಯರಿಗೆ ಹೊಸ ಸ್ವರಮೇಳ, ಹೊಸ ವೇದಿಕೆ ಮಕ್ಕಳಿಂದ ಸಿಗಬಲ್ಲದು. ಅವರು ನ್ಯೂ ಆರ್ಲಿಯನ್ಸ್‌ನ ಹಾಡನ್ನೇ ನುಡಿಸಬೇಕಿಲ್ಲ. ಜನಪದ ಗೀತೆಯನ್ನೋ ರಾಜ್‌ಕುಮಾರ್ ಚಿತ್ರಗಳ ಹಾಡನ್ನೋ ಎತ್ತಿಕೊಂಡು, ಮೂರು ಊದುವಾದ್ಯಗಳು ಒಂದನ್ನೊಂದು ಕೇಳಿಸಿಕೊಳ್ಳುತ್ತಾ ಅದನ್ನು ಅರಳಿಸಲಿ. ಆದಿ ಜಾಝ್ ಮಾಡಿದ್ದೂ ಇದನ್ನೇ. ಊರಿನವರಿಗೆ ಗೊತ್ತಿದ್ದ ಪ್ರಾರ್ಥನೆ, ಕವಾಯತಿನ ಧಾಟಿ, ದುಡಿಯುವವರ ಹಾಡುಗಳನ್ನು ತಗೊಂಡು ತನ್ನದಾಗಿಸಿಕೊಂಡಿತು.

ನವೆಂಬರ್ ಬಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ರಾಜ್ಯೋತ್ಸವದ ಮೆರವಣಿಗೆಗಳು ಹೊರಡುತ್ತವೆ. ಚಂದಾ ಎತ್ತುವ ಸಂಘಗಳು ಧ್ವನಿವರ್ಧಕದ ಬಾಡಿಗೆಯಲ್ಲಿ ಒಂದು ಪಾಲನ್ನು ಊದುವವರಿಗೆ, ಬಾರಿಸುವವರಿಗೆ ಮೀಸಲಿಡಲಿ. ಬಂಕ್ ಜಾನ್ಸನ್‌ಗೆ ಹಲ್ಲು ಕಟ್ಟಿಸಿಕೊಟ್ಟವರು, ಚರ್ಚಿನ ಮಕ್ಕಳ ಕೈಗೆ ತುತ್ತೂರಿ ಕೊಟ್ಟವರು ದೊಡ್ಡ ಸರ್ಕಾರಗಳಲ್ಲ, ಅಭಿಮಾನಿಗಳು ಮತ್ತು ಅಕ್ಕಪಕ್ಕದ ಜನ. ನುಡಿಸಲು ಬೀದಿ, ಕೈಗೆ ಕೂಲಿ, ಹಿಂದೆ ನಡೆಯಲು ಜನ ಇದ್ದರೆ ಯಾವ ಊರಿನ ಸಂಗೀತವೂ ಸಾಯುವುದಿಲ್ಲ. ಈ ಮೂರನ್ನೂ ಕೊಡುವ ಶಕ್ತಿ ನಮ್ಮ ಬಡಾವಣೆಗಳಿಗೆ ಇದೆ.